ಜಿರೋಂದ್ ಅಳಿವೆ: ಎಡದಂಡೆಗೂ ಹೋದೆವು, ಬಲದಂಡೆಗೂ ಹೋದೆವು

ಫ್ರಾನ್ಸಿನ ಜಿರೋಂದ್ ಅಳಿವೆಯನ್ನು ನೋಡಬೇಕೆಂದಿದ್ದರೆ ಬಲದಂಡೆಯ ರ್ವಾಯಾನ್ ಪಟ್ಟಣದಲ್ಲಿ ಕೋಣೆ ಹಿಡಿಯಿರಿ. ನಾನು ಮೊದಲು ಎಡದಂಡೆಯನ್ನು ಆರಿಸಿಕೊಂಡು, ಮುಂಗಡ ಕೊಟ್ಟಿದ್ದ ಹೋಟೆಲಿನ ಹಣವನ್ನು ಕಳೆದುಕೊಂಡು, ಎರಡು ತಿಂಗಳ ನಂತರ ಬಲದಂಡೆಗೆ ಹೋಗಿ ಬಂದು ಈ ಮಾತು ಹೇಳುತ್ತಿದ್ದೇನೆ.

ನಾವಿರುವುದು ತುಲೂಸ್‌ನಲ್ಲಿ. ಇಲ್ಲಿ ದಿನವೂ ಕಾಣುವ ಗಾರೋನ್ ನದಿ ಬೋರ್ಡೋ ನಗರವನ್ನು ದಾಟಿದ ಮೇಲೆ ದೋರ್ದೋನ್ ನದಿಯನ್ನು ಕೂಡಿಕೊಳ್ಳುತ್ತದೆ. ಅಲ್ಲಿಂದ ಸಮುದ್ರದವರೆಗಿನ ಸುಮಾರು 75 ಕಿಲೋಮೀಟರ್ ಉದ್ದದ ಕಂದು ನೀರಿನ ಹರವೇ ಜಿರೋಂದ್. ಹೊನ್ನಾವರದಿಂದ ಆಯಿ, ಅಂದರೆ ನನ್ನ ತಾಯಿ, ಮೂರು ತಿಂಗಳ ಮಟ್ಟಿಗೆ ಬಂದಿದ್ದಳು. ಶರಾವತಿಯ ಅಳಿವೆಯನ್ನು ನೋಡುತ್ತಲೇ ಬಾಳಿದವಳಿಗೆ ಇದನ್ನೊಂದು ತೋರಿಸಬೇಕೆಂಬ ಆಸೆ ನನ್ನದು. ಜೂನ್ ಕೊನೆಯಲ್ಲಿ ಒಮ್ಮೆ, ಅವಳು ಊರಿಗೆ ಮರಳುವ ಮುನ್ನ ಸೆಪ್ಟೆಂಬರ್ ಮೊದಲ ವಾರದಲ್ಲಿ ಇನ್ನೊಮ್ಮೆ ಹೋದೆವು.

ಮೊದಲ ಸಲ ಎಡದಂಡೆಯನ್ನು ಆರಿಸಲು ಕಾರಣ ರೈಲು. ಬೋರ್ಡೋದಿಂದ ಮೆದೋಕ್ ಸೀಮೆಯ ಮೂಲಕ ಅಳಿವೆಯ ಬಾಯಿಯ ಲ ವೆರ್ದೋನ್‌ವರೆಗೆ ಪ್ರಾದೇಶಿಕ ರೈಲು ಹೋಗುತ್ತದೆ. ಕಾರು ಬಾಡಿಗೆಯ ಖರ್ಚು ಉಳಿಯುತ್ತದೆ ಎಂದುಕೊಂಡು ಬೋರ್ಡೋದಲ್ಲಿ ಮೂರು ರಾತ್ರಿಗೆ ಕೋಣೆ ಕಾದಿರಿಸಿದೆ. ರದ್ದು ಮಾಡಿದರೆ ಹಣ ವಾಪಸಿಲ್ಲ ಎಂಬ ಷರತ್ತಿನ ಅಗ್ಗದ ದರ ಅದು.

ತೊಡಕು ಬಂದದ್ದು ಕೊರ್ದುವಾನ್ ದೀಪಸ್ತಂಭದಲ್ಲಿ. ಅಳಿವೆಯ ಬಾಯಲ್ಲಿ, ದಡದಿಂದ ಸುಮಾರು ಏಳು ಕಿಲೋಮೀಟರ್ ದೂರದ ಬಂಡೆಯ ಮೇಲೆ ನಿಂತಿರುವ ಈ ಸ್ತಂಭ ಪೂರ್ಣಗೊಂಡದ್ದು 1611ರಲ್ಲಿ. ಒಳಗೆ ರಾಜನಿಗೊಂದು ಕೋಣೆಯಿದೆ, ಪ್ರಾರ್ಥನಾ ಮಂದಿರವಿದೆ. ಭೌತವಿಜ್ಞಾನಿ ಫ್ರೆನೆಲ್ ದೀಪದ ಬೆಳಕನ್ನು ದೂರ ಹಾಯಿಸುವ ತನ್ನ ಮಸೂರವನ್ನು 1823ರಲ್ಲಿ ಮೊದಲು ಬೆಳಗಿಸಿದ್ದು ಇಲ್ಲಿಯೇ. ಈಗಲೂ ಕಾವಲುಗಾರರು ಸರದಿಯಲ್ಲಿ ಅಲ್ಲೇ ವಾಸಿಸುತ್ತಾರೆ. 2021ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಇದನ್ನು ನೋಡದೆ ಬರುವುದು ನನಗೆ ಒಪ್ಪಿಗೆಯಿರಲಿಲ್ಲ.

ಆದರೆ ಅಲ್ಲಿಗೆ ಹೋಗುವ ದೋಣಿಗೆ ನಿಶ್ಚಿತ ವೇಳೆಯೆಂಬುದಿಲ್ಲ. ನೀರು ಇಳಿದಾಗ ಮಾತ್ರ ಸ್ತಂಭದ ಸುತ್ತಲಿನ ಮರಳು ಮೇಲೇಳುತ್ತದೆ. ಆ ಹೊತ್ತಿಗೆ ಸರಿಯಾಗಿ ದೋಣಿ ಹೊರಡುತ್ತದೆ, ನೀರು ಏರುವ ಮುನ್ನ ಮರಳುತ್ತದೆ. ಇಳಿತವು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ನಾನು ಶನಿವಾರದ ವೇಳೆಯನ್ನು ನೋಡಿ ರೈಲಿನ ಲೆಕ್ಕ ಹಾಕಿದ್ದೆ. ಬೋರ್ಡೋ ತಲುಪಿದ ದಿನ ಆಯಿಗೆ ಕಾಲು ನೋವು ಹೆಚ್ಚಾಗಿ ಪ್ರವಾಸವನ್ನು ಭಾನುವಾರಕ್ಕೆ ಮುಂದೂಡಿದೆ. ದೋಣಿಯ ಟಿಕೆಟ್ ಬದಲಾಯಿತು, ರೈಲಿನ ಲೆಕ್ಕ ಬದಲಾಗಲಿಲ್ಲ. ನಮ್ಮೂರ ಬಂದರಿನ ದೋಣಿಗಳು ಅಳಿವೆ ದಾಟಲು ಭರತಕ್ಕೆ ಕಾಯುವುದನ್ನು ನೋಡಿಕೊಂಡೇ ಬೆಳೆದ ನನಗೆ ಇದು ಹೊಳೆಯಬೇಕಿತ್ತು. ದೂರದ ದೇಶದಲ್ಲಿ ಎಲ್ಲವೂ ಮೊಬೈಲಿನಲ್ಲಿ ಕಾಣುವ ಗಡಿಯಾರದಂತೆ ನಡೆಯುತ್ತದೆ ಎಂದು ನಂಬಿಬಿಟ್ಟಿದ್ದೆ.

ದೋಣಿಯಿಂದ ಇಳಿದದ್ದು ಮೊಣಕಾಲು ಮಟ್ಟದ ನೀರಿಗೆ. ಉಳಿದವರು ಚಪ್ಪಲಿ ಬಿಚ್ಚುತ್ತಾ ತಡವರಿಸುತ್ತಿರುವಾಗ ಆಯಿ ಸೀರೆ ಎತ್ತಿ ಸಿಕ್ಕಿಸಿಕೊಂಡು ಮೊದಲು ನಡೆದೇಬಿಟ್ಟಳು. 301 ಮೆಟ್ಟಿಲುಗಳಲ್ಲಿ ಅರ್ಧ ಹತ್ತಿ ಕಿಟಕಿಯ ಬಳಿ ಕುಳಿತಳು. ನಾನು ಮೇಲಿನವರೆಗೂ ಹೋಗಿ ಬಂದೆ. ಅಲ್ಲಿಯವರೆಗೆ ಎಲ್ಲವೂ ಚೆಂದ. ದೋಣಿ ಲ ವೆರ್ದೋನ್‌ಗೆ ಮರಳಿದಾಗ ಬೋರ್ಡೋಗೆ ಹೋಗುವ ಕೊನೆಯ ರೈಲು ಹೊರಟುಹೋಗಿತ್ತು. ಭಾನುವಾರ ಸಂಜೆ, ಬಸ್ಸಿಲ್ಲ, ಕರೆದ ಟ್ಯಾಕ್ಸಿಗಳು ನೂರು ಕಿಲೋಮೀಟರ್ ದೂರ ಬರಲು ಒಪ್ಪಲಿಲ್ಲ. ಒದ್ದೆ ಸೀರೆಯಲ್ಲಿ ಗಾಳಿಗೆ ನಡುಗುತ್ತಾ ನಿಂತ ಆಯಿಯನ್ನು ನೋಡಿ ನನಗೆ ಅಳು ಬರುವಂತಾಯಿತು. ಆಗ ಕಂಡದ್ದು ಎದುರು ದಂಡೆಗೆ ಹೋಗುವ ಫೆರಿ. ಜೂನ್ ತಿಂಗಳಾದ್ದರಿಂದ ಇನ್ನೂ ಬೆಳಕಿತ್ತು. ಅರ್ಧ ಗಂಟೆಯೊಳಗೆ ರ್ವಾಯಾನ್‌ನಲ್ಲಿ ಇಳಿದೆವು, ಸಿಕ್ಕಿದ ಕೋಣೆಯಲ್ಲಿ ಮಲಗಿದೆವು. ಬೋರ್ಡೋದ ಕೋಣೆಗೆ ಕೊಟ್ಟ ಆ ರಾತ್ರಿಯ ಹಣ ನೀರಿನಲ್ಲಿ ಹೋಯಿತು.

ಕೊರ್ದುವಾನ್‌ಗೆ ದೋಣಿಗಳು ರ್ವಾಯಾನ್‌ನಿಂದಲೂ ಹೊರಡುತ್ತವೆ ಎಂದು ಬೆಳಿಗ್ಗೆ ಬಂದರಿನಲ್ಲಿ ಕಂಡಿತು. ಅಲ್ಲಿಯೇ ಉಳಿದಿದ್ದರೆ ಸಮುದ್ರ ಎಷ್ಟು ಹೊತ್ತಿಗೆ ಇಳಿದರೂ ನಮಗೆ ಚಿಂತೆಯಿರಲಿಲ್ಲ.

ಎಡದಂಡೆಯನ್ನು ಹಗುರವಾಗಿ ತೆಗೆದುಹಾಕುವಂತಿಲ್ಲ. ರೈಲಿನ ಕಿಟಕಿಯಾಚೆ ದ್ರಾಕ್ಷಿ ತೋಟಗಳ ಸಾಲು ಬಂದಾಗ ನಾನು ಆಯಿಗೆ, ‘ನಿನ್ನ ಬೋರ್ಡೋ ದ್ರಾವಣ ಹುಟ್ಟಿದ್ದು ಇಲ್ಲಿಯೇ’ ಎಂದೆ. 1880ರ ದಶಕದಲ್ಲಿ ಮೆದೋಕ್‌ನ ರಸ್ತೆಬದಿಯ ಬಳ್ಳಿಗಳಿಗೆ ಹಣ್ಣು ಕದಿಯುವವರು ಹೆದರಲೆಂದು ಮೈಲುತುತ್ತ ಮತ್ತು ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಬೂಷ್ಟು ರೋಗ ತಗುಲಲಿಲ್ಲ ಎಂಬುದನ್ನು ಸಸ್ಯವಿಜ್ಞಾನಿ ಮಿಲಾರ್ದೆ ಗಮನಿಸಿದರು. ಅದೇ ದ್ರಾವಣವನ್ನು ಅಡಿಕೆಯ ಕೊಳೆರೋಗಕ್ಕೆ ಪ್ರಯೋಗಿಸಿದವರು ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಪ್ರತಿ ಮಳೆಗಾಲದಲ್ಲೂ ಅಡಿಕೆ ಕೊನೆಗಳಿಗೆ ಔಷಧಿ ಹೊಡೆಸಿದ ಆಯಿ ಪೊಯ್ಯಾಕ್ ಊರು ದಾಟುವವರೆಗೂ ಕಿಟಕಿ ಬಿಟ್ಟು ಅಲುಗಲಿಲ್ಲ. ಬಲದಂಡೆ ಅವಳಿಗೆ ಇಂಥದ್ದೊಂದು ಗಳಿಗೆಯನ್ನು ಕೊಡಲಿಲ್ಲ.

ಸುಲಾಕ್ ಕೂಡ ಎಡದಂಡೆಯ ಕಡೆಯದೇ. ಅಲ್ಲಿಯ ದೊಡ್ಡ ಚರ್ಚು 18ನೆಯ ಶತಮಾನದಲ್ಲಿ ಮರಳಿನಡಿ ಹೂತುಹೋಗಿತ್ತು. ಮುಂದಿನ ಶತಮಾನದಲ್ಲಿ ಅಗೆದು ಹೊರತೆಗೆದರು. ಅದೇ ಊರಿನ ಕಡಲಂಚಿನಲ್ಲಿ 78 ಮನೆಗಳ ವಸತಿ ಕಟ್ಟಡವೊಂದಿತ್ತು. ಕಡಲ್ಕೊರೆತ ಬುಡಕ್ಕೆ ಬಂದು 2014ರಲ್ಲಿ ಜನರನ್ನು ತೆರವುಗೊಳಿಸಿ, 2023ರಲ್ಲಿ ಕಟ್ಟಡವನ್ನೇ ಕೆಡವಿದರು. ಈಗ ಅಲ್ಲಿ ಮರಳು ಮಾತ್ರ.

ದ್ರಾಕ್ಷಾರಸ (ವೈನ್) ತಯಾರಿಸುವ ಮೆದೋಕ್‌ನ ಹೆಸರಾಂತ ಅರಮನೆಗಳು ನಮಗೆ ಉಪಯೋಗವಿಲ್ಲ. ನಾವು ಕುಡಿಯುವವರಲ್ಲ, ಭೇಟಿಗೆ ಮೊದಲೇ ಸಮಯ ಗೊತ್ತುಮಾಡಿ ಹಣ ಕೊಡಬೇಕು. ಕುಡಿಯುವವರಿಗೆ ನನ್ನ ತೀರ್ಪು ಪೂರ್ತಿ ತಿರುಗುಮುರುಗಾಗಬಹುದು.

ಸೆಪ್ಟೆಂಬರ್‌ನಲ್ಲಿ ಕಾರು ಬಾಡಿಗೆಗೆ ಪಡೆದು ಬಲದಂಡೆಯುದ್ದಕ್ಕೂ ಹೋದೆವು. ಮೊದಲು ಬ್ಲಾಯ್. ಫ್ರೆಂಚ್ ಸೇನಾ ಎಂಜಿನಿಯರ್ ವೋಬಾನ್ ಕಟ್ಟಿಸಿದ 17ನೆಯ ಶತಮಾನದ ಕೋಟೆ, ಒಳಗೆ ಹೋಗಲು ಹಣವಿಲ್ಲ, ಇಂದಿಗೂ ಜನ ವಾಸಿಸುವ ಬೀದಿಗಳಿವೆ. ಅಲ್ಲಿ ಅಳಿವೆಯ ಅಗಲ ಸುಮಾರು ಮೂರು ಕಿಲೋಮೀಟರ್. ಆ ಕಾಲದ ಫಿರಂಗಿಯ ಗುಂಡು ಅಷ್ಟು ದೂರ ಹೋಗುತ್ತಿರಲಿಲ್ಲವಾದ್ದರಿಂದ ನಡುಗಡ್ಡೆಯಲ್ಲೊಂದು, ಎದುರು ದಂಡೆಯಲ್ಲೊಂದು ಕೋಟೆ ಕಟ್ಟಿ ಬೋರ್ಡೋದ ಬಾಗಿಲಿಗೆ ಬೀಗ ಹಾಕಿದರು. ಗೋಡೆಯ ಮೇಲೆ ನಿಂತು ಮೂರನ್ನೂ ಒಟ್ಟಿಗೆ ನೋಡಿದಾಗಲೇ ಆ ಲೆಕ್ಕಾಚಾರ ಮನಸ್ಸಿಗೆ ಹತ್ತುವುದು.

ಅಲ್ಲಿಂದ ಕೆಳಗೆ ದಂಡೆಯುದ್ದಕ್ಕೂ ಕಂಬಗಳ ಮೇಲೆ ನಿಂತ ಮರದ ಗುಡಿಸಲುಗಳು ಕಾಣಸಿಗುತ್ತವೆ. ಪ್ರತಿಯೊಂದರ ಮುಂದೆಯೂ ಚೌಕಾಕಾರದ ಬಲೆ ತೂಗುತ್ತಿರುತ್ತದೆ. ರಾಟೆ ತಿರುಗಿಸಿ ಬಲೆಯನ್ನು ನೀರಿಗಿಳಿಸುವುದು, ಸ್ವಲ್ಪ ಕಾದು ಎತ್ತುವುದು, ಅಷ್ಟೇ. ಮೀನು ತಿನ್ನದ ಆಯಿಯೂ ನಾಲ್ಕು ಸಲ ಬಲೆ ಎತ್ತುವವರೆಗೆ ನಿಂತು ನೋಡಿದಳು.

ನನ್ನ ಮನಸ್ಸು ನಿಂತದ್ದು ತಾಲ್ಮೋನ್‌ನಲ್ಲಿ. ಕಾರನ್ನು ಊರ ಹೊರಗೆ ಬಿಟ್ಟು ನಡೆಯಬೇಕು. ಸಣ್ಣ ಓಣಿಗಳು, ಬಿಳಿ ಗೋಡೆಗಳು, ತುದಿಯಲ್ಲಿ ನೀರಿನ ಮೇಲೆ ಚಾಚಿದ ಬಂಡೆ. ಅದರ ಅಂಚಿಗೆ 12ನೆಯ ಶತಮಾನದ ಸಾಂತ್ ರಾದ್ಗೋಂದ್ ಚರ್ಚು. ಅದರ ಒಂದು ಭಾಗವನ್ನು ನೀರು ಹಿಂದೆಯೇ ಕೆಡವಿಕೊಂಡಿದೆ. ಉಳಿದದ್ದು ಮೊಂಡಾಗಿ ನಿಂತಿದೆ. ಎರಡು ಗಂಟೆ ಅಲ್ಲಿಯೇ ಕುಳಿತೆವು. ಇಳಿತದಲ್ಲಿ ಕೆಸರು ಬಯಲಾಗಿ ಹಕ್ಕಿಗಳು ಇಳಿದವು, ಮತ್ತೆ ನೀರು ಸದ್ದಿಲ್ಲದೆ ಬಂದು ಬಂಡೆಯ ಬುಡ ಮುಟ್ಟಿತು. ‘ನಮ್ಮ ಹೊನ್ನಾವರದ ಕಾಸರಕೋಡಿನ ಕಡೆಯ ವಾಸನೆಯೇ’ ಎಂದಳು ಆಯಿ.

ಮೆಶೇಯ ಸುಣ್ಣಕಲ್ಲಿನ ಗುಹೆಮನೆಗಳಿಗೆ ಒಂದು ಗಂಟೆ ಸಾಕು. ರ್ವಾಯಾನ್ ಅಂದದ ಹಳೆಯ ಊರಲ್ಲ. 1945ರ ಜನವರಿ 5ರ ಬಾಂಬು ದಾಳಿ ಅದನ್ನು ನೆಲಸಮ ಮಾಡಿತು. ಯುದ್ಧದ ನಂತರ ಕಟ್ಟಿದ ಕಾಂಕ್ರೀಟಿನ ಚರ್ಚು ಹೊರಗಿನಿಂದ ಒರಟು, ಒಳಗೆ ಕಾಲಿಟ್ಟರೆ ಉಸಿರು ಹಿಡಿದು ನಿಲ್ಲಬೇಕು.

ಖರ್ಚಿನ ಮಾತು. ಕಾರು ಬಾಡಿಗೆ ಮತ್ತು ಪೆಟ್ರೋಲು ಸೇರಿ ಬಲದಂಡೆ ಮೇಲ್ನೋಟಕ್ಕೆ ದುಬಾರಿ. ಆದರೆ ಕೋಟೆಗೂ ತಾಲ್ಮೋನ್‌ಗೂ ಪ್ರವೇಶದ ಹಣವಿಲ್ಲ, ಊಟಕ್ಕೆ ಮನೆಯಿಂದ ತಂದ ಅವಲಕ್ಕಿ ಮತ್ತು ರ್ವಾಯಾನ್ ಸಂತೆಯ ಅಂಜೂರ. ಜೂನ್‌ನ ಎರಡೆರಡು ಕೋಣೆಗಳ ಬಾಡಿಗೆಯನ್ನು ಲೆಕ್ಕಕ್ಕೆ ಹಿಡಿದರೆ ಎರಡೂ ಪ್ರವಾಸಗಳ ಖರ್ಚು ಹೆಚ್ಚು ಕಡಿಮೆ ಒಂದೇ. ಕಾರು ಓಡಿಸದವರು ರೈಲಿನಲ್ಲಿ ಸಾಂತ್ ನಗರದಲ್ಲಿ ಬದಲಾಯಿಸಿ ರ್ವಾಯಾನ್ ತಲುಪಬಹುದು. ಹಾಗೆ ಮಾಡಿದರೆ ಬ್ಲಾಯ್ ಕೈತಪ್ಪುತ್ತದೆ, ಅದಕ್ಕೆ ಬೋರ್ಡೋದಿಂದಲೇ ಬಸ್ಸು ಹಿಡಿಯಬೇಕು.

ಮುಂದಿನ ವರ್ಷ ಅಪ್ಪಯ್ಯನನ್ನೂ ಕರೆತರಬೇಕೆಂದಿದ್ದೇವೆ. ಕೋಣೆ ರ್ವಾಯಾನ್‌ನಲ್ಲಿಯೇ. ಒಂದು ದಿನ ಫೆರಿಯಲ್ಲಿ ಎಡದಂಡೆಗೆ ದಾಟಿ ಸುಲಾಕ್ ನೋಡಿ, ಅಪ್ಪಯ್ಯನಿಗೂ ಆ ದ್ರಾಕ್ಷಿ ತೋಟಗಳನ್ನು ತೋರಿಸಿ ಸಂಜೆಗೆ ಮರಳುವುದು. ಈ ಸಲ ಭರತ-ಇಳಿತದ ಪಟ್ಟಿಯನ್ನು ಮೊದಲು ತೆರೆಯುತ್ತೇನೆ, ಆಮೇಲೆ ಟಿಕೆಟ್.