ಕ್ಯಾಲಿಫೋರ್ನಿಯಾದಲ್ಲೇ ಇರೋದಾ, ಟೆಕ್ಸಾಸ್‌ಗೆ ಹೋಗೋದಾ?

ಬೇ ಏರಿಯಾ ಬಿಟ್ಟು ಆಸ್ಟಿನ್‌ಗೋ ಡಲ್ಲಾಸ್‌ಗೋ ಹೊರಡಬೇಕು ಅನ್ನುವವರು ಮೊದಲು ನೋಡುವುದು ಸಂಬಳದ ತೆರಿಗೆಯನ್ನೇ. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಅದು ಶೇ 1ರಿಂದ ಶುರುವಾಗಿ, ಅತಿ ಹೆಚ್ಚು ಆದಾಯಕ್ಕೆ ಶೇ 13.3 ಮುಟ್ಟುತ್ತದೆ. ಫೆಡರಲ್ ತೆರಿಗೆ ಎರಡೂ ಕಡೆ ಒಂದೇ.

ಮನೆ ಕೊಳ್ಳುವವರ ಲೆಕ್ಕ ಬೇರೆ. ಕ್ಯಾಲಿಫೋರ್ನಿಯಾದಲ್ಲಿ 1978ರಲ್ಲಿ ಮತದಾರರು ಒಪ್ಪಿದ ಪ್ರೊಪೊಸಿಷನ್ 13 ಎಂಬ ಕಾನೂನಿನಿಂದಾಗಿ ಆಸ್ತಿ ತೆರಿಗೆಯ ಮೂಲ ದರ ಶೇ 1. ತೆರಿಗೆಗೆ ಹಿಡಿಯುವ ಬೆಲೆಯೂ ವರ್ಷಕ್ಕೆ ಶೇ 2ಕ್ಕಿಂತ ಜಾಸ್ತಿ ಏರುವಂತಿಲ್ಲ. ಟೆಕ್ಸಾಸ್‌ನ ಹಲವು ಊರುಗಳಲ್ಲಿ ದರ ಶೇ 2ರ ಆಸುಪಾಸು. ಅಲ್ಲಿ ವಾಸದ ಮನೆಗೆ ತೆರಿಗೆಗೆ ಹಿಡಿಯುವ ಬೆಲೆ ವರ್ಷಕ್ಕೆ ಶೇ 10ರವರೆಗೂ ಏರಬಹುದು. ಅಂದರೆ ಅಲ್ಲಿ 5 ಲಕ್ಷ ಡಾಲರ್ ಮನೆಗೂ ಇಲ್ಲಿ 10 ಲಕ್ಷದ ಮನೆಗೂ ಹೆಚ್ಚುಕಡಿಮೆ ಒಂದೇ ಬಿಲ್! ಹೋಮ್‌ಸ್ಟೆಡ್ ವಿನಾಯಿತಿಗೆ (ಸ್ವಂತ ವಾಸದ ಮನೆಗೆ ಸಿಗುವ ತೆರಿಗೆ ರಿಯಾಯಿತಿ) ಅರ್ಜಿ ಹಾಕಿದರೆ ಟೆಕ್ಸಾಸ್ ಬಿಲ್ ಸ್ವಲ್ಪ ಇಳಿಯುತ್ತದೆ. ಮರೀಬೇಡಿ.

ಒಳ್ಳೆ ಸಂಬಳ, ಬಾಡಿಗೆ ಮನೆ ಇದ್ದರೆ ನನ್ನ ಮತ ಟೆಕ್ಸಾಸ್‌ಗೆ. 20 ವರ್ಷದ ಹಿಂದೆ ಕ್ಯಾಲಿಫೋರ್ನಿಯಾದಲ್ಲಿ ಮನೆ ಕೊಂಡು ಈಗ ನಿವೃತ್ತಿಗೆ ಹತ್ತಿರವಿರುವವರು ಬರೀ ತೆರಿಗೆಗಾಗಿ ಸುಮ್ನೆ ಹೊರಡಬೇಡಿ.

ಕಂಪನಿ ಷೇರು ಸಿಗುವವರು ಇನ್ನೊಂದು ಗಮನಿಸಿ. ಆರ್‌ಎಸ್‌ಯು (ಕಂಪನಿ ಇಂದು ಕೊಡುತ್ತೇನೆಂದು ಹೇಳಿ, ಮುಂದೆ ಕೈಗೆ ಕೊಡುವ ಷೇರು) ಕೊಟ್ಟ ದಿನದಿಂದ ಕೈಗೆ ಬರುವ ದಿನದವರೆಗೆ ಕ್ಯಾಲಿಫೋರ್ನಿಯಾದಲ್ಲಿ ದುಡಿದಷ್ಟು ಪಾಲಿಗೆ, ನೀವು ಊರು ಬಿಟ್ಟ ಮೇಲೂ ಆ ರಾಜ್ಯ ತೆರಿಗೆ ಕೇಳುತ್ತದೆ.