ಹಳೇ ಕಾರಿಗೆ 4.10 ಗೇರ್ ಹಾಕಿಸಲು ಹೊರಟವರೇ, ಸ್ವಲ್ಪ ನಿಲ್ಲಿ

ಡೆಟ್ರಾಯಿಟ್ ಸುತ್ತಮುತ್ತ ಇರುವ ನಮ್ಮ ಕನ್ನಡದವರಲ್ಲಿ ಹಳೇ ಅಮೆರಿಕನ್ ಕಾರಿನ ಹುಚ್ಚು ಹತ್ತಿಸಿಕೊಂಡವರು ನನಗೆ ಗೊತ್ತಿರುವವರೇ ಹಲವರಿದ್ದಾರೆ. ಆಗಸ್ಟ್‌ನಲ್ಲಿ ಹಳೇ ಕಾರುಗಳ ಜಾತ್ರೆ ವುಡ್‌ವರ್ಡ್ ಡ್ರೀಮ್ ಕ್ರೂಸ್ ಬರುತ್ತೆ ಅನ್ನುವಾಗ ಎಲ್ಲರಿಗೂ ಗಾಡಿಗೆ ಏನಾದರೂ ಮಾಡಿಸಲೇಬೇಕು. ಆಗ ಮೊದಲು ಬರುವ ಸಲಹೆ ಒಂದೇ: "4.10 ಗೇರ್ ಹಾಕಿಸಿಬಿಡು, ಗಾಡಿ ಎಗರುತ್ತೆ." 4.10 ಅಂದರೆ ಹಿಂದಿನ ಚಕ್ರ ಒಂದು ಸುತ್ತು ತಿರುಗಲು ಎಂಜಿನ್ ಕಡೆಯಿಂದ ಬರುವ ಶಾಫ್ಟ್ 4.10 ಸುತ್ತು ತಿರುಗುವ ಹಾಗೆ ಮಾಡುವ ಹಿಂದಿನ ಆಕ್ಸಲ್ ಗೇರ್. ಎಗರುತ್ತೆ, ನಿಜ. ಆದರೆ ಕೆಲಸ ಕೆಟ್ಟರೆ ಏನಾಗುತ್ತೆ ಅಂತ ಯಾರೂ ಹೇಳಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನದು 1970ರ ಷೆವರ್ಲೆ ಶೆವೆಲ್ ಎಸ್‌ಎಸ್ 396. ಹೆಸರಿಗೆ 396, ಆ ವರ್ಷ ಎಂಜಿನ್ ನಿಜವಾಗಿ 402 ಕ್ಯೂಬಿಕ್ ಇಂಚು. ಷೆವರ್ಲೆಯವರಿಗೆ ಆ ನಂಬರ್ ಮೇಲೆ ಅಷ್ಟು ಪ್ರೀತಿ. ಹಿಂದೆ 12 ಬೋಲ್ಟ್ ಆಕ್ಸಲ್, ಪೊಸಿಟ್ರಾಕ್ಷನ್ (ಹಿಂದಿನ ಎರಡೂ ಚಕ್ರಕ್ಕೆ ಬಲ ಹೋಗುವ ಹಾಗೆ ಮಾಡುವ ವ್ಯವಸ್ಥೆ), 3.31 ಗೇರ್. ಅಂದರೆ ಚಕ್ರಗಳನ್ನು ತಿರುಗಿಸುವ ದೊಡ್ಡ ರಿಂಗ್ ಗೇರ್‌ಗೆ 43 ಹಲ್ಲು, ಅದನ್ನು ತಿರುಗಿಸುವ ಚಿಕ್ಕ ಗೇರ್ ಪಿನಿಯನ್‌ಗೆ 13 ಹಲ್ಲು. 4.10ರಲ್ಲಿ ಅದು 41ಕ್ಕೆ 10.

ಈ 13 ಮತ್ತು 10ರ ನಡುವೆಯೇ ಎಲ್ಲ ತೊಂದರೆ ಇರುವುದು. ಹಲ್ಲು ಕಡಿಮೆಯಾದರೆ ಪಿನಿಯನ್ ತಲೆ ಚಿಕ್ಕದಾಗುತ್ತೆ. ಆಗ ರಿಂಗ್ ಗೇರ್ ಅದರ ಹತ್ತಿರಕ್ಕೆ ಸರಿಯಬೇಕು. ಅದಕ್ಕೇ 12 ಬೋಲ್ಟ್‌ನಲ್ಲಿ ಮೂರು ಥರದ ಕ್ಯಾರಿಯರ್ (ರಿಂಗ್ ಗೇರ್ ಹೊತ್ತಿರುವ ಭಾಗ) ಇವೆ: 2.73ರವರೆಗೆ 2 ಸೀರೀಸ್, ಅಲ್ಲಿಂದ 3.73ರವರೆಗೆ 3 ಸೀರೀಸ್, 4.10ರಿಂದ ಮೇಲೆ 4 ಸೀರೀಸ್. 3 ಸೀರೀಸ್ ಮೇಲೆ ಮಾಮೂಲಿ 4.10 ರಿಂಗ್ ಕೂರಿಸಿದರೆ ಅದು ಪಿನಿಯನ್‌ಗೆ ಸಿಗುವುದೇ ಇಲ್ಲ. ಒಂದೋ ಕ್ಯಾರಿಯರ್ ಬದಲಿಸಬೇಕು, ಇಲ್ಲ 3 ಸೀರೀಸ್‌ಗೆಂದೇ ದಪ್ಪಗೆ ಮಾಡಿದ ರಿಂಗ್ ತರಿಸಬೇಕು. ಮೂರನೇದೊಂದು ಅಡ್ಡದಾರಿಯೂ ಇದೆ: ಮಧ್ಯೆ ಒಂದು ಸ್ಪೇಸರ್ ಬಳೆ ತುರುಕಿ, ಉದ್ದ ಬೋಲ್ಟ್ ಹಾಕಿ ಬಿಗಿಯುವುದು. ದೊಡ್ಡ ಎಂಜಿನ್ ಇರುವ ಗಾಡಿಗೆ ಅದು ಬೇಡವೇ ಬೇಡ.

ಹಳೇ ಗಾಡಿಗಳಲ್ಲಿ ನಾವೇ ನಿಪುಣರು ಅಂತ ಹೇಳಿಕೊಳ್ಳುವ ಒಂದು ಶಾಪ್‌ಗೆ ಕೊಟ್ಟೆ. ಹೆಸರು ಬೇಡ. ಕೀ ಕೊಡುವಾಗಲೇ ಕೇಳಿದ್ದೆ, ಇದು 3 ಸೀರೀಸ್ ಅಲ್ವಾ, ಏನು ಮಾಡ್ತೀರಿ ಅಂತ. "ದಪ್ಪ ಗೇರ್ ತರಿಸ್ತೀವಿ, ಬೇರಿಂಗ್ ಕಿಟ್ ಸಮೇತ ಎಲ್ಲ ಹೊಸದು" ಅಂದರು. ಬಿಲ್ಲಿನಲ್ಲೂ ಹಾಗೇ ಇತ್ತು.

ಗಾಡಿ ಈಚೆ ತಂದ ದಿನವೇ ಸದ್ದು ಶುರು. 45 ಮೈಲಿ ದಾಟಿ ಆಕ್ಸಿಲರೇಟರ್ ಬಿಟ್ಟರೆ ಸಾಕು, ಊರಿನ ಹಿಟ್ಟಿನ ಗಿರಣಿ ಚಾಲೂ ಮಾಡಿದ ಹಾಗೆ ಹಿಂದಿನಿಂದ ಒಂದೇ ಸಮ ಊಳಿಡುವುದು. ಪಕ್ಕದಲ್ಲಿ ಕೂತ ಹೆಂಡತಿ "ಇದಕ್ಕೆ ದುಡ್ಡು ಬೇರೆ ಕೊಟ್ರಾ?" ಅಂದಳು. ಫೋನ್ ಮಾಡಿದರೆ ಶಾಪ್‌ನವನ ಉತ್ತರ: "ಹೊಸ ಗೇರ್ ಸರ್, ಓಡ್ತಾ ಓಡ್ತಾ ಸರಿಹೋಗುತ್ತೆ."

ಈ ಮಾತನ್ನು ದಯವಿಟ್ಟು ನಂಬಬೇಡಿ. ಊಳಿಡುವ ಗೇರ್ ಓಡಿದಷ್ಟೂ ಕೆಡುತ್ತದೆಯೇ ಹೊರತು ಸುಮ್ಮನಾಗಲ್ಲ. ತಪ್ಪು ಜಾಗದಲ್ಲಿ ಉಜ್ಜಿ ಉಜ್ಜಿ ಹಲ್ಲಿನ ಮೈ ಅಲ್ಲೇ ಸವೆಯುತ್ತೆ. ಆಮೇಲೆ ಎಷ್ಟೇ ಚೆನ್ನಾಗಿ ಕೂರಿಸಿದರೂ ಆ ಜೋಡಿಯ ಸದ್ದು ಪೂರ್ತಿ ಹೋಗುವುದು ಕಷ್ಟ.

ಕೊನೆಗೆ ಬೇರೆ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಹೋದೆ. ಜೀವಮಾನವೆಲ್ಲ ಆಕ್ಸಲ್ ಬಿಚ್ಚಿದ ಮನುಷ್ಯ, ಮಾತು ಕಮ್ಮಿ. ಕವರಿನ ಬೋಲ್ಟ್ ಸಡಿಲಿಸಿ ಕೆಳಗಿನಿಂದ ಎಬ್ಬಿಸಿದ. ಎಣ್ಣೆ ಟ್ರೇಗೆ ಸುರಿಯಿತು. ಟಾರ್ಚ್ ಬಿಟ್ಟರೆ ಅದರ ತುಂಬ ಲೋಹದ ಪುಡಿ ಮಿಣಮಿಣ. ರಿಂಗ್ ಗೇರಿನ ಬೆನ್ನಿಗೆ ಬೆರಳಿಟ್ಟು ತೋರಿಸಿದ: ಗೇರಿಗೂ ಕ್ಯಾರಿಯರ್‌ಗೂ ಮಧ್ಯೆ ಒಂದು ತೆಳು ಗೆರೆ. ಸ್ಪೇಸರ್! ಹಲ್ಲುಗಳಿಗೆ ಹಳದಿ ಮಾರ್ಕಿಂಗ್ ಪೇಸ್ಟ್ ಬಳಿದು ತಿರುಗಿಸಿದ. ಪೇಸ್ಟ್ ಅಳಿಸಿದ್ದು ಹಲ್ಲಿನ ಮಧ್ಯೆ ಅಲ್ಲ, ಮೇಲಿನ ಅಂಚಿನಲ್ಲಿ. ಪಿನಿಯನ್ ಸಾಕಷ್ಟು ಒಳಗೆ ಹೋಗಿರಲಿಲ್ಲ. ಅದರ ಹಿಂದಿನ ಶಿಮ್ (ಜಾಗ ಹೊಂದಿಸುವ ತೆಳು ಬಳೆ) ಇನ್ನೂ ದಪ್ಪ ಬೇಕಿತ್ತು. ಯಾರೂ ಅಳೆದೇ ಇಲ್ಲ, ಹಳೇ ಶಿಮ್ ಹಾಗೇ ಹಾಕಿದ್ದಾರೆ.

ಆಮೇಲೆ ಕ್ಯಾರಿಯರ್ ಇಳಿಸಿ, ಇಂಚ್-ಪೌಂಡ್ ಟಾರ್ಕ್ ವ್ರೆಂಚ್‌ನಲ್ಲಿ ಪಿನಿಯನ್ ತಿರುಗಿಸಿದ. ಹೊಸ ಬೇರಿಂಗ್ ಆದರೆ 15ರಿಂದ 30 ಇಂಚ್-ಪೌಂಡ್ ಬಿಗಿ ಇರಬೇಕು. ಮುಳ್ಳು ಅಲ್ಲಾಡಿದ್ದೇ ಕಡಿಮೆ. ಬೇರಿಂಗ್ ಹೊರಗೆ ತೆಗೆದರೆ ವರ್ಷಗಳ ಬಿಸಿ ಕಂಡು ಕಂದು ಬಣ್ಣಕ್ಕೆ ತಿರುಗಿದ್ದ ಹಳೇ ಬೇರಿಂಗ್. ಬೇರಿಂಗ್ ಬಿಗಿ ಹೊಂದಿಸಲು ಮಧ್ಯೆ ಹಾಕುವ ಕೊಳವೆ, ಕ್ರಶ್ ಸ್ಲೀವ್, ಕೂಡ ಹಳೇದೇ. ಅದು ಒಂದು ಸಲ ಅಮುಕಿದರೆ ಮುಗಿಯಿತು, ಮತ್ತೆ ಬಳಸುವ ಹಾಗಿಲ್ಲ. ಬಿಲ್ಲಿನಲ್ಲಿ ಮಾತ್ರ ಎರಡಕ್ಕೂ ದುಡ್ಡು ಎಣಿಸಿದ್ದಾರೆ.

ಮಿಷಿಗನ್‌ನಲ್ಲಿರುವವರಿಗೆ ಇಲ್ಲೊಂದು ಉಪಯೋಗದ ವಿಷಯ. ಇಲ್ಲಿ 1974ರಿಂದ ವಾಹನ ರಿಪೇರಿಗೇ ಒಂದು ಕಾನೂನಿದೆ. ಶಾಪ್ ರಾಜ್ಯದಲ್ಲಿ ನೋಂದಾಯಿಸಿರಬೇಕು, ಖರ್ಚಿನ ಅಂದಾಜನ್ನು ಬರೆದು ಕೊಡಬೇಕು, ಬದಲಿಸಿದ ಹಳೇ ಭಾಗಗಳನ್ನು ವಾಪಸ್ ಕೇಳುವ ಹಕ್ಕು ನಮಗಿದೆ. ನಾನು ಹಳೇ ಭಾಗ ಕೇಳಿದಾಗ "ಎಸೆದುಬಿಟ್ವಿ" ಅಂದಿದ್ದರು. ಎಸೆಯೋಕೆ ಏನಿತ್ತು, ಎಲ್ಲ ನನ್ನ ಗಾಡಿಯೊಳಗೇ ಇತ್ತಲ್ಲ! ಫೋಟೋಗಳನ್ನು ಮುಂದಿಟ್ಟು, ರಾಜ್ಯಕ್ಕೆ ದೂರು ಕೊಡುತ್ತೇನೆ ಅಂದ ಮೇಲೆ ಕಿಟ್‌ನ ದುಡ್ಡು ಬಂತು. ಕೂಲಿಯ ದುಡ್ಡು ಬರಲಿಲ್ಲ. ಹಾಳಾದ ಗೇರಿನದೂ ಬರಲಿಲ್ಲ.

ನೀವು ಕೊಡುವ ಮುಂಚೆ ಇಷ್ಟು ಮಾಡಿ. ಯಾವ ಕ್ಯಾರಿಯರ್, ಯಾವ ಗೇರ್, ಸ್ಪೇಸರ್ ಇಲ್ಲ ಅನ್ನುವುದನ್ನು ಅಂದಾಜಿನಲ್ಲೇ ಬರೆಸಿ. ಕೆಲಸ ಮುಗಿದ ಮೇಲೆ ಪೇಸ್ಟ್ ಬಳಿದ ಹಲ್ಲಿನ ಫೋಟೋ ಕೇಳಿ, ಎರಡೂ ಬದಿಯದು. ಬ್ಯಾಕ್‌ಲ್ಯಾಶ್ (ಎರಡು ಗೇರಿನ ಹಲ್ಲುಗಳ ನಡುವಿನ ಸಡಿಲ) ಎಷ್ಟಿದೆ, ಪಿನಿಯನ್ ಬಿಗಿ ಎಷ್ಟಿದೆ, ಅಂಕಿ ಬರೆದು ಕೊಡಲಿ. ಬ್ಯಾಕ್‌ಲ್ಯಾಶ್ ಸಾಮಾನ್ಯವಾಗಿ 0.006ರಿಂದ 0.010 ಇಂಚಿನೊಳಗೆ ಇರಬೇಕು. ಹೊಸ ಗೇರಿನ ಜೊತೆ ಬರುವ ಚೀಟಿಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಲೆಕ್ಕ. ಅಳತೆ ಮಾಡುವವನಿಗೆ ಇದನ್ನು ಕೊಡುವುದು ಕಷ್ಟವೇನಲ್ಲ. "ಅದೆಲ್ಲ ಕೊಡಲ್ಲ" ಅಂದರೆ ಕೀ ವಾಪಸ್ ತಗೊಳ್ಳಿ.

ಅಂದಹಾಗೆ, 4.10 ನಿಮಗೆ ನಿಜವಾಗಿ ಬೇಕಾ? ಈ ಗಾಡಿಗಳಲ್ಲಿ ಓವರ್‌ಡ್ರೈವ್ (ಹೈವೇಯಲ್ಲಿ ಎಂಜಿನ್ ಸುತ್ತು ತಗ್ಗಿಸುವ ಗೇರ್) ಇಲ್ಲ. 26 ಇಂಚಿನ ಟೈರ್ ಇದ್ದರೆ 65 ಮೈಲಿ ವೇಗದಲ್ಲಿ 3.31ಕ್ಕೆ ಸುಮಾರು 2,780 ಆರ್‌ಪಿಎಂ, 4.10ಕ್ಕೆ 3,440. ಆ ಸದ್ದಿನಲ್ಲಿ ಐ-75 ಹೆದ್ದಾರಿ ಮೇಲೆ ಒಂದು ಗಂಟೆ ಕೂತು ನೋಡಿ. ನಾನು ಈ ಸಲ 3.73 ಹಾಕಿಸಿದೆ. ಅದೇ ಕ್ಯಾರಿಯರ್ ಸಾಕಾಯಿತು, ಸ್ಪೇಸರ್ ಕಾಟ ಇಲ್ಲ, 65ಕ್ಕೆ 3,130. ಸಿಗ್ನಲ್‌ನಿಂದ ಹೊರಡುವಾಗ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಗುತ್ತೆ.

ಹೊಸ ಗೇರ್ ಹಾಕಿಸಿದ ಮೇಲೆ ಮೊದಲ ಸಲ 15-20 ಮೈಲಿ ನಿಧಾನವಾಗಿ ಓಡಿಸಿ, ಅರ್ಧ ಗಂಟೆ ತಣ್ಣಗಾಗಲು ಬಿಡಿ. 500 ಮೈಲಿವರೆಗೆ ಟೈರ್ ಸುಡುವ ಆಟ ಬೇಡ, ಆಮೇಲೆ ಎಣ್ಣೆ ಬದಲಿಸಿ. ಪೊಸಿಟ್ರಾಕ್ಷನ್ ಇದ್ದರೆ ಎಣ್ಣೆಗೆ ಅದರ ಅಡಿಟಿವ್ ಸೇರಿಸಲೇಬೇಕು, ಇಲ್ಲದಿದ್ದರೆ ತಿರುವಿನಲ್ಲಿ ಕ್ಲಚ್ ಪ್ಲೇಟ್‌ಗಳು ಕಟಕಟ ಅನ್ನುತ್ತವೆ. ಇನ್ನು ಸ್ಪೀಡೋಮೀಟರ್. 3.31ರಿಂದ 4.10ಕ್ಕೆ ಹೋದರೆ ನೀವು 65ರಲ್ಲಿದ್ದಾಗ ಅದು 80 ತೋರಿಸುತ್ತೆ. ಗೇರ್‌ಬಾಕ್ಸ್ ಬಾಲದಲ್ಲಿ ಅದಕ್ಕೊಂದು ಚಿಕ್ಕ ಪ್ಲಾಸ್ಟಿಕ್ ಗೇರ್ ಇರುತ್ತೆ, ಅದನ್ನೂ ಅದೇ ಬಿಲ್ಲಿನಲ್ಲಿ ಬದಲಿಸಲು ಹೇಳಿ.