ಮಲ್ಪೆಯ ಐಸ್ ಪ್ಲಾಂಟ್ ಸರ್ವರಿಗೆ ಲೈವ್‌ಪ್ಯಾಚ್ ಹಾಕಿ ಒಂದು ವರ್ಷ

ಮಲ್ಪೆಯಲ್ಲಿ ನಮ್ಮ ಮಾವನದ್ದೊಂದು ಐಸ್ ಪ್ಲಾಂಟ್ ಇದೆ. ಅಲ್ಲಿನ ಬಿಲ್ಲಿಂಗ್ ಸರ್ವರ್ ನೋಡಿಕೊಳ್ಳುವುದು ನಾನು. ಉಬುಂಟು 22.04 (ಲಿನಕ್ಸ್ ಬಗೆಯ ಆಪರೇಟಿಂಗ್ ಸಿಸ್ಟಮ್) ಓಡುವ ಮೆಷಿನ್, ಉಪ್ಪು ಗಾಳಿಗೆ ತುಕ್ಕು ಹಿಡಿದ ಸ್ಟೂಲಿನ ಮೇಲೆ ಕೂತಿದೆ. ಯಾವ ಬೋಟಿಗೆ ಎಷ್ಟು ಬ್ಲಾಕ್ ಹೋಯಿತು, ಯಾರದ್ದು ಎಷ್ಟು ಬಾಕಿ, ಎಲ್ಲ ಅದರಲ್ಲೇ. ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನಲಿಗೆ ಭದ್ರತಾ ಅಪ್‌ಡೇಟ್ ಬಂದರೆ ಸಾಮಾನ್ಯವಾಗಿ ರೀಬೂಟ್ ಮಾಡಬೇಕು. ಆದರೆ ಬೋಟುಗಳು ಹೊರಡುವುದೇ ರಾತ್ರಿ, ಬೆಳಗಿನ ಜಾವ. ಹಾಗಾಗಿ "ರಾತ್ರಿ ರೀಬೂಟ್ ಮಾಡಿದರಾಯ್ತು" ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಒಮ್ಮೆ ಬೆಳಿಗ್ಗೆ 4 ಗಂಟೆಗೆ ಧೈರ್ಯ ಮಾಡಿ ರೀಬೂಟ್ ಕೊಟ್ಟೆ. ಹಳೇ ಡಿಸ್ಕ್, ಬದಲಾಯಿಸದೆ ಬಿಟ್ಟಿದ್ದು ನಂದೇ ತಪ್ಪು, ಅದು ಚೆಕ್ ಮಾಡ್ತಾ ಕೂತುಬಿಟ್ಟಿತು. ಹೊರಗೆ ಟೆಂಪೊ ಸಾಲು. "ಎಂತ ಮಾರಾಯ, ಐಸ್ ಕರಗಿದ ಮೇಲೆ ಬಿಲ್ ಕೊಡುವುದಾ?" ಅಂತ ಒಬ್ಬರು. ಮಾವ ಏನೂ ಹೇಳಲಿಲ್ಲ, ಡ್ರಾಯರಿನಿಂದ ಹಳೇ ಬಿಲ್ ಬುಕ್ ತೆಗೆದು ಕಾರ್ಬನ್ ಹಾಳೆ ಇಟ್ಟು ಬರೆಯಲಿಕ್ಕೆ ಶುರು ಮಾಡಿದರು. ಬೈದಿದ್ದರೇ ವಾಸಿ ಇತ್ತು.

ಆಮೇಲೆ ಹಾಕಿದ್ದೇ, ರೀಬೂಟ್ ಇಲ್ಲದೆ ಓಡುತ್ತಿರುವ ಕರ್ನಲಿಗೇ ತೇಪೆ ಹಾಕುವ, ಉಬುಂಟು ತಯಾರಿಸುವ ಕೆನೊನಿಕಲ್ ಕಂಪನಿಯ ಲೈವ್‌ಪ್ಯಾಚ್. ಅದು ಸಿಗುವ ಉಬುಂಟು ಪ್ರೊ ಚಂದಾ 5 ಮೆಷಿನ್ ತನಕ ಪುಕ್ಕಟೆ. ಟೋಕನ್ (ನಮ್ಮ ಖಾತೆಯ ಕೋಡ್) ತಂದು ಒಂದು ಕಮಾಂಡ್ ಕೊಟ್ಟರೆ ಮುಗಿಯಿತು.

ಓಡುತ್ತಿರುವ ಕರ್ನಲನ್ನು ಹೇಗೆ ರಿಪೇರಿ ಮಾಡುತ್ತಾರೆ ಅಂತ ನನಗೂ ಮೊದಲು ನಂಬಿಕೆ ಬರಲಿಲ್ಲ. 66ರ ಹೆದ್ದಾರಿಯಲ್ಲಿ ನಾವು ವರ್ಷಗಟ್ಟಲೆ ನೋಡಿದ ಡೈವರ್ಷನ್ ಇದೆಯಲ್ಲ, ಹಾಗೇ. ತೊಂದರೆ ಇರುವ ಫಂಕ್ಷನ್ (ಕೋಡಿನ ತುಂಡು) ಇದ್ದಲ್ಲೇ ಇರುತ್ತದೆ, ಅದರ ಬಾಗಿಲಲ್ಲೇ ಎಫ್‌ಟ್ರೇಸ್ ಎಂಬ ಕರ್ನಲಿನದ್ದೇ ಸಲಕರಣೆ ಬಳಸಿ ದಾರಿ ತಿರುಗಿಸಿ ಸರಿ ಮಾಡಿದ ಹೊಸ ಫಂಕ್ಷನ್ನಿಗೆ ಕಳಿಸುತ್ತಾರೆ, ಹಳೆಯದರೊಳಗೆ ಆಗಲೇ ನುಗ್ಗಿದವರು ಹೊರಗೆ ಬರುವ ತನಕ ಕಾಯುತ್ತಾರೆ. ಇದು ನಿನ್ನೆ ಮೊನ್ನೆಯದ್ದಲ್ಲ. ಎಂಐಟಿಯಲ್ಲಿ ಹುಟ್ಟಿದ ಇಂಥದ್ದೇ ಕೆಸ್ಪ್ಲೈಸನ್ನು 2011ರಲ್ಲಿ ಒರಾಕಲ್ ಕೊಂಡಿತು. ರೆಡ್ ಹ್ಯಾಟ್‌ನ ಕೆಪ್ಯಾಚ್, ಸೂಸೆಯ ಕೆಗ್ರಾಫ್ಟ್ ಎರಡೂ 2014ರಲ್ಲಿ ಬಂದವು. ಎರಡಕ್ಕೂ ಬೇಕಾದ ತಳಪಾಯ 2015ರಲ್ಲಿ ಲಿನಕ್ಸ್ 4.0ರೊಳಗೇ ಸೇರಿತು.

ಒಂದು ವಿಷಯ ನನ್ನನ್ನು ಒಂದು ವಾರ ಸತಾಯಿಸಿತು. ಪ್ಯಾಚ್ ಬಿದ್ದ ಮೇಲೂ ಕರ್ನಲ್ ನಂಬರ್ ತೋರಿಸುವ ಯುನೇಮ್ ಕಮಾಂಡ್ ಕೊಟ್ಟರೆ ಅದೇ ಹಳೇ ಕರ್ನಲ್ ನಂಬರ್! ಕೆಲಸವೇ ಆಗಿಲ್ಲ ಅಂದುಕೊಂಡೆ. ನೋಡಬೇಕಾದ್ದು ಲೈವ್‌ಪ್ಯಾಚಿನ ಸ್ಟೇಟಸ್ ಅಂತೆ, ಅಲ್ಲಿ ಎಲ್ಲ ಸರಿಯಾಗಿ ಇತ್ತು.

ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಗಂಭೀರವಾದ ಭದ್ರತಾ ತೂತುಗಳನ್ನಷ್ಟೇ ಇದು ಮುಚ್ಚುತ್ತದೆ. ಡೇಟಾ ಇಡುವ ರೀತಿಯೇ ಬದಲಾಗುವಂಥ ತಿದ್ದುಪಡಿ ಹೀಗೆ ಓಡುವಾಗ ಹಾಕುವುದು ಕಷ್ಟ. ಓಪನ್‌ಎಸ್‌ಎಸ್‌ಎಲ್, ಜಿಲಿಬ್‌ಸಿ ಎಂಬ, ಬೇರೆ ಪ್ರೋಗ್ರಾಂಗಳು ಬಳಸುವ ಲೈಬ್ರರಿಗಳೆಲ್ಲ ಕರ್ನಲಿನ ಹೊರಗಿನವು, ಅವನ್ನು ಮುಟ್ಟುವುದೇ ಇಲ್ಲ, ಅಪ್‌ಡೇಟ್ ಮಾಡಿ ಸರ್ವಿಸ್‌ಗಳನ್ನು ರೀಸ್ಟಾರ್ಟ್ ಮಾಡಬೇಕು. ಒಂದೇ ಕರ್ನಲಿಗೆ ಯಾವತ್ತೂ ಪ್ಯಾಚ್ ಬರುತ್ತಲೇ ಇರುವುದೂ ಇಲ್ಲ. "ಇನ್ನು ರೀಬೂಟೇ ಬೇಡ" ಅಂತ ಯಾರಾದರೂ ಹೇಳಿದರೆ ಸುಮ್ನೆ ಹೇಳುವುದು. ನನಗೆ ಸಿಕ್ಕಿದ್ದು ರೀಬೂಟ್ ಯಾವತ್ತು ಅಂತ ನಾನೇ ಆರಿಸುವ ಅವಕಾಶ, ನನಗೆ ಅಷ್ಟೇ ಬೇಕಿದ್ದದ್ದೂ ಹೌದು. ಜೂನ್ 1ರಿಂದ ಜುಲೈ 31ರ ತನಕ ಇಲ್ಲಿ ಯಾಂತ್ರಿಕ ಬೋಟುಗಳಿಗೆ ರಜೆ. ಆಗ ಮಾಡುವುದು ಅಂತ ಇಟ್ಟುಕೊಂಡೆ.

ಐದಕ್ಕೆ ನಾಲ್ಕು ಸ್ಟಾರ್. ಪ್ಯಾಚ್ ಬಿದ್ದದ್ದು ಗೊತ್ತಾಗುವಂತೆ ಎದುರಿಗೇ ತೋರಿಸಿದ್ದರೆ ಐದು ಕೊಡುತ್ತಿದ್ದೆ.

ಅಂದ ಹಾಗೆ ಆ ರೀಬೂಟನ್ನು ನಾನು ಮಾಡಲೇ ಇಲ್ಲ. ಜೂನ್ ಎರಡನೇ ವಾರ ಗಾಳಿಮಳೆಗೆ ಕರೆಂಟ್ ಹೋಯಿತು, ಯುಪಿಎಸ್ ಕೈಕೊಟ್ಟಿತು. ಕರೆಂಟ್ ಬಂದಾಗ ಆಗಲೇ ಇಳಿದು ಕೂತಿದ್ದ ಹೊಸ ಕರ್ನಲಿನಲ್ಲೇ ಸರ್ವರ್ ಎದ್ದಿತ್ತು. ಮಾವ ಬೋಟು ಕಟ್ಟಿದ ಧಕ್ಕೆ ಕಡೆ ನೋಡುತ್ತಾ ಚಾ ಕುಡಿಯುತ್ತಿದ್ದರು, ಅವರಿಗೆ ಗೊತ್ತೇ ಆಗಲಿಲ್ಲ.